ತಪ್ಪು ಯಾರದು? ಹೊಣೆ ಯಾರದು?



ಮದುವೆಯಾದ ಮರುವರ್ಷವೇ ಒಂದು ಮಗು. ಹೆರಿಗೆ ಸುಗಮ, ಮಗು ಆರೋಗ್ಯವಾಗಿದೆ, ಮನೆಮಂದಿಗೆಲ್ಲ ಸಂತೋಷ. ಮೂರು ವರ್ಷಗಳ ಬಳಿಕ ಎರಡನೆಯದು ಹುಟ್ಟುತ್ತದೆ. ಹುಟ್ಟಿದ ದಿನವೇ ಮೈಯೆಲ್ಲ ಅರಿಶಿನ ಬಣ್ಣಕ್ಕೆ ತಿರುಗಿ ವಾರದೊಳಗೆ ತೀರಿಕೊಳ್ಳುತ್ತದೆ. ಮೂರನೆಯದು ಹೊಟ್ಟೆಯಲ್ಲೇ ಸಾಯುತ್ತದೆ. ನಾಲ್ಕನೆಯದೂ ಹಾಗೆಯೇ. ಇಂಥ ಮನೆಗಳ ಕಥೆಯನ್ನು ನಿಮ್ಮ ಹಿರಿಯರ ಬಾಯಿಂದ ನೀವೂ ಕೇಳಿರಬಹುದು.

ಅಂಥ ಮನೆಯಲ್ಲಿ ಅಳು ನಿಂತ ಮೇಲೆ ಏಳುವ ಮೊದಲ ಪ್ರಶ್ನೆ ಯಾವುದು? "ಯಾರ ತಪ್ಪಿನಿಂದ ಹೀಗಾಯಿತು?" ಅತ್ತೆ ಸೊಸೆಯ ಕಾಲ್ಗುಣದ ಮಾತೆತ್ತುತ್ತಾಳೆ. ನೆರೆಮನೆಯವರು ದೃಷ್ಟಿ ತಾಗಿದೆ ಎನ್ನುತ್ತಾರೆ. ಗ್ರಹಣದ ದಿನ ಹೊರಗೆ ಬಂದಿದ್ದಳೇ ಎಂದು ಇನ್ನೊಬ್ಬರು ವಿಚಾರಿಸುತ್ತಾರೆ. ಭಕ್ತಿವಂತರೂ ಹಿಂದೆ ಬೀಳುವುದಿಲ್ಲ. ತೀರಿಸದ ಹರಕೆ, ಯಾರೋ ಮಾಡಿದ ಪಾಪ, ದೇವರ ಶಿಕ್ಷೆ ಎಂದು ಕಾರಣ ಹುಡುಕುತ್ತಾರೆ. ಇಷ್ಟೆಲ್ಲ ಮಾತುಗಳ ಭಾರವನ್ನು ಕೊನೆಗೆ ಹೊರುವವಳು ಮಗುವನ್ನು ಕಳೆದುಕೊಂಡ ತಾಯಿಯೇ.

ಶಿಷ್ಯರೂ ಒಮ್ಮೆ ಯೇಸುಸ್ವಾಮಿಯ ಮುಂದೆ ಇದೇ ಪ್ರಶ್ನೆಯನ್ನು ಇಟ್ಟಿದ್ದರು. ಯೊವಾನ್ನರ ಶುಭಸಂದೇಶದ ಒಂಬತ್ತನೆಯ ಅಧ್ಯಾಯ ನಿಮಗೆ ಗೊತ್ತೇ ಇದೆ. ಹುಟ್ಟುಕುರುಡನೊಬ್ಬನನ್ನು ಕಂಡು, ಪಾಪ ಮಾಡಿದವರು ಇವನೋ ಇವನ ಹೆತ್ತವರೋ ಎಂದು ಅವರು ಕೇಳಿದರು. ಇಬ್ಬರೂ ಅಲ್ಲವೆಂದು ಸ್ವಾಮಿ ಹೇಳಿದರು. ಅಷ್ಟಕ್ಕೇ ನಿಲ್ಲಿಸದೆ ಮಣ್ಣು ಕಲಸಿ ಆ ಮನುಷ್ಯನ ಕಣ್ಣಿಗೆ ಹಚ್ಚಿ, ಕೊಳದಲ್ಲಿ ತೊಳೆದುಕೊಂಡು ಬಾ ಎಂದು ಕಳುಹಿಸಿದರು. ತಪ್ಪಿನ ಪ್ರಶ್ನೆಯನ್ನು ಬದಿಗಿಟ್ಟು, ಮಾಡಬೇಕಾದ ಕೆಲಸವನ್ನು ಮಾಡಿದರು. ಈ ವಾರ ನಾವು ಯೋಚಿಸಬೇಕಾಗಿರುವುದು ಇದನ್ನೇ. ತಪ್ಪು ಬೇರೆ, ಹೊಣೆ ಬೇರೆ.

ದೇಹದೊಳಗೆ ನಡೆಯುವುದೇನು?

ಮೇಲೆ ಹೇಳಿದ ಮನೆಯ ದುಃಖಕ್ಕೆ ಹಲವು ಕಾರಣಗಳಿರಬಹುದು. ಅವುಗಳಲ್ಲಿ ಒಂದು, ತಾಯಿ ಮತ್ತು ಮಗುವಿನ ರಕ್ತದ ಆರ್‌ಎಚ್ ಗುಂಪು ಹೊಂದದಿರುವುದು. ಎ, ಬಿ, ಓ ಗುಂಪುಗಳ ಜೊತೆಗೆ ಪಾಸಿಟಿವ್, ನೆಗೆಟಿವ್ ಎಂದು ಬರೆಯುತ್ತಾರಲ್ಲ, ಅದೇ ಇದು. ಕೆಂಪು ರಕ್ತಕಣಗಳ ಮೇಲೆ 'ಡಿ' ಎಂಬ ಅಂಶ ಇದ್ದರೆ ಪಾಸಿಟಿವ್, ಇಲ್ಲದಿದ್ದರೆ ನೆಗೆಟಿವ್. ಯೂರೋಪ್ ಮೂಲದವರಲ್ಲಿ ನೂರಕ್ಕೆ ಸುಮಾರು 15 ಮಂದಿ ನೆಗೆಟಿವ್. ನಮ್ಮ ದೇಶದಲ್ಲಿ ನೂರಕ್ಕೆ ಸುಮಾರು 5. ನೆಗೆಟಿವ್ ಎಂಬುದು ರೋಗವಲ್ಲ, ಕೊರತೆಯೂ ಅಲ್ಲ. ಕಣ್ಣಿನ ಬಣ್ಣದಂತೆ ಹುಟ್ಟಿನಿಂದ ಬಂದ ಒಂದು ಗುಣ, ಅಷ್ಟೆ.

ತಾಯಿ ನೆಗೆಟಿವ್, ತಂದೆ ಪಾಸಿಟಿವ್ ಆಗಿದ್ದರೆ ಮಗು ತಂದೆಯಂತೆ ಪಾಸಿಟಿವ್ ಆಗಬಹುದು. ಗರ್ಭದಲ್ಲಿ ತಾಯಿಯ ರಕ್ತವೂ ಮಗುವಿನ ರಕ್ತವೂ ಬೆರೆಯದೆ ಹರಿಯುತ್ತವೆ. ಆದರೆ ಹೆರಿಗೆಯಲ್ಲಿ ಮಾಸು ಬೇರ್ಪಡುವಾಗ ಮಗುವಿನ ರಕ್ತ ಸ್ವಲ್ಪ ತಾಯಿಯ ದೇಹಕ್ಕೆ ಸೇರಬಹುದು. ತಾಯಿಯ ದೇಹ ಅದನ್ನು ಹೊರಗಿನಿಂದ ಬಂದದ್ದೆಂದು ಗುರುತಿಸಿ, ಅದರ ವಿರುದ್ಧ ಪ್ರತಿಕಾಯಗಳೆಂಬ ಕಾವಲುಗಾರರನ್ನು ತಯಾರಿಸುತ್ತದೆ. ಅಷ್ಟರಲ್ಲಿ ಮೊದಲ ಮಗು ತೊಟ್ಟಿಲಲ್ಲಿರುತ್ತದೆ, ಅದಕ್ಕೆ ಸಾಮಾನ್ಯವಾಗಿ ಅಪಾಯವಿಲ್ಲ. ಆದರೆ ಕಾವಲುಗಾರರು ಮರೆಯುವುದಿಲ್ಲ. ಮುಂದಿನ ಮಗುವೂ ಪಾಸಿಟಿವ್ ಆಗಿದ್ದರೆ ಅವರು ಮಾಸನ್ನು ದಾಟಿ ಹೋಗಿ ಅದರ ಕೆಂಪು ಕಣಗಳನ್ನು ಒಡೆಯುತ್ತಾರೆ. ಮಗುವಿಗೆ ರಕ್ತಹೀನತೆ ಬರುತ್ತದೆ, ಮೈಯಲ್ಲಿ ನೀರು ತುಂಬುತ್ತದೆ, ಹುಟ್ಟಿದ ಮೇಲೆ ತೀವ್ರ ಕಾಮಾಲೆ ಬಂದು ಮಿದುಳಿಗೂ ಹಾನಿಯಾಗಬಹುದು. ಪ್ರತಿ ಹೆರಿಗೆಯೊಂದಿಗೆ ಈ ಅಪಾಯ ಹೆಚ್ಚುತ್ತಾ ಹೋಗುತ್ತದೆ.

ಇದರಲ್ಲಿ ತಾಯಿಯ ತಪ್ಪೇನು? ಜ್ವರ, ವಿಷಮಶೀತಗಳಿಂದ ನಮ್ಮನ್ನು ಕಾಪಾಡುವುದು ಇದೇ ಪ್ರತಿಕಾಯಗಳ ಶಕ್ತಿ. ಸೃಷ್ಟಿಕರ್ತರು ರಕ್ಷಣೆಗೆಂದು ಕೊಟ್ಟ ವ್ಯವಸ್ಥೆ ತನ್ನ ಕೆಲಸವನ್ನು ನಿಷ್ಠೆಯಿಂದ ಮಾಡಿದೆ. ತಂದೆಯ ತಪ್ಪೇ? ಅವನು ತನ್ನ ಹೆತ್ತವರಿಂದ ಪಡೆದದ್ದನ್ನು ಮಗುವಿಗೆ ಕೊಟ್ಟಿದ್ದಾನೆ. ಪಾಪವಾಗಬೇಕಾದರೆ ಅರಿವು ಬೇಕು, ಮನಃಪೂರ್ವಕ ಸಮ್ಮತಿ ಬೇಕು ಎಂದು ನಾವು ಧರ್ಮೋಪದೇಶದ ತರಗತಿಯಲ್ಲೇ ಕಲಿತಿದ್ದೇವೆ. ಇಲ್ಲಿ ಇವೆರಡೂ ಇಲ್ಲ.

ಅರಿವು ಬಂದ ಬಗೆ

ಈ ಅರಿವು ಮನುಷ್ಯರಿಗೆ ಬಂದದ್ದು ತೀರಾ ಇತ್ತೀಚೆಗೆ. 1939ರಲ್ಲಿ ಅಮೆರಿಕದ ವೈದ್ಯರಾದ ಫಿಲಿಪ್ ಲೆವಿನ್ ಮತ್ತು ರೂಫಸ್ ಸ್ಟೆಟ್ಸನ್ ಒಬ್ಬ ತಾಯಿಯ ವಿಷಯ ಬರೆದರು. ಸತ್ತ ಮಗುವನ್ನು ಹೆತ್ತು ರಕ್ತಸ್ರಾವದಿಂದ ನರಳುತ್ತಿದ್ದ ಆಕೆಗೆ ಗಂಡನ ರಕ್ತವನ್ನೇ ಕೊಟ್ಟಿದ್ದರು. ಗುಂಪು ಹೊಂದುತ್ತಿದ್ದರೂ ಆಕೆಯ ದೇಹ ಆ ರಕ್ತವನ್ನು ತೀವ್ರವಾಗಿ ಪ್ರತಿಭಟಿಸಿತು. ಮಗು ತಂದೆಯಿಂದ ಪಡೆದ ಯಾವುದೋ ಅಂಶದ ವಿರುದ್ಧ ತಾಯಿಯ ದೇಹ ತಿರುಗಿ ನಿಂತಿದೆ ಎಂದು ಅವರು ಊಹಿಸಿದರು. 1940ರಲ್ಲಿ ಕಾರ್ಲ್ ಲ್ಯಾಂಡ್‌ಸ್ಟೈನರ್ ಮತ್ತು ಅಲೆಕ್ಸಾಂಡರ್ ವೀನರ್, ರೀಸಸ್ ಜಾತಿಯ ಕೋತಿಯ ರಕ್ತದೊಂದಿಗೆ ಪ್ರಯೋಗ ನಡೆಸಿ ಆರ್‌ಎಚ್ ಅಂಶವನ್ನು ಪ್ರಕಟಿಸಿದರು. ಆ ಹೆಸರು ಬಂದದ್ದು ಆ ಕೋತಿಯಿಂದಲೇ. ಎ, ಬಿ, ಓ ಗುಂಪುಗಳನ್ನು ಕಂಡುಹಿಡಿದು 1930ರಲ್ಲಿ ನೊಬೆಲ್ ಪಾರಿತೋಷಕ ಪಡೆದವರೂ ಇದೇ ಲ್ಯಾಂಡ್‌ಸ್ಟೈನರ್. ಯೆಹೂದ್ಯ ಮನೆತನದಲ್ಲಿ ಹುಟ್ಟಿದ ಇವರು 1890ರಲ್ಲಿ ಕಥೋಲಿಕ ಧರ್ಮಸಭೆಯನ್ನು ಸೇರಿದವರು.

ಹಾಗಾದರೆ 1940ಕ್ಕೆ ಮುಂಚೆ ಈ ಕಾರಣದಿಂದ ಮಕ್ಕಳನ್ನು ಕಳೆದುಕೊಂಡ ತಾಯಂದಿರು ಎಷ್ಟು ಕಾಲ ತಮ್ಮನ್ನೇ ದೂಷಿಸಿಕೊಂಡಿರಬೇಕು! ಜಗತ್ತಿನ ಯಾವ ವೈದ್ಯನಿಗೂ ತಿಳಿಯದಿದ್ದುದಕ್ಕೆ ಅವರನ್ನು ಅಪರಾಧಿಗಳಂತೆ ಕಂಡೆವು. ಆದರೆ ಇಂದು ನಾವು ಬೇರೆಯೇ ಸ್ಥಾನದಲ್ಲಿ ನಿಂತಿದ್ದೇವೆ. ಅರಿವು ಬಂದಿದೆ. ಅರಿವಿನ ಜೊತೆಗೇ ಹೊಣೆಯೂ ಬಂದಿದೆ.

ಯಾರದೋ ನೋವು, ಯಾರದೋ ಮಗು

ಕಾರಣ ತಿಳಿದ ಮೇಲೆ ತಡೆಯುವ ದಾರಿಯನ್ನು ಹುಡುಕಲು ಇಪ್ಪತ್ತಕ್ಕೂ ಹೆಚ್ಚು ವರ್ಷಗಳು ಹಿಡಿದವು. 1960ರ ದಶಕದಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಸಿರಿಲ್ ಕ್ಲಾರ್ಕ್, ರೊನಾಲ್ಡ್ ಫಿನ್ ಮತ್ತು ಸಂಗಡಿಗರು, ನ್ಯೂಯಾರ್ಕಿನಲ್ಲಿ ವಿನ್ಸೆಂಟ್ ಫ್ರೀಡಾ, ಜಾನ್ ಗೋರ್ಮನ್, ವಿಲಿಯಂ ಪೊಲ್ಲಾಕ್ ಒಂದೇ ದಾರಿಯಲ್ಲಿ ಯೋಚಿಸಿದರು. ಮಗುವಿನ ಕಣಗಳು ತಾಯಿಯ ದೇಹಕ್ಕೆ ಸೇರಿದ ಕೂಡಲೇ, ಆಕೆಯ ದೇಹ ಎಚ್ಚೆತ್ತುಕೊಳ್ಳುವ ಮುನ್ನ, ಹೊರಗಿನಿಂದ ಸಿದ್ಧ ಪ್ರತಿಕಾಯವನ್ನು ಚುಚ್ಚಿದರೆ ಹೇಗೆ? ಅದು ಮಗುವಿನ ಕಣಗಳನ್ನು ತೆಗೆದುಹಾಕುತ್ತದೆ. ತಾಯಿಯ ದೇಹಕ್ಕೆ ಅವುಗಳ ಗುರುತೇ ಸಿಗುವುದಿಲ್ಲ. ಕೊಲ್ಲುವ ಪ್ರತಿಕಾಯವೇ ಹೀಗೆ ಕಾಯುವ ಔಷಧವಾಯಿತು. 1968ರಲ್ಲಿ ಅಮೆರಿಕದಲ್ಲಿ ಅದಕ್ಕೆ ಪರವಾನಗಿ ಸಿಕ್ಕಿತು. ಇಂದು ನಾವು ಆ್ಯಂಟಿ-ಡಿ ಎನ್ನುವ ಚುಚ್ಚುಮದ್ದು ಇದೇ.

ಈ ಔಷಧ ಬರುವುದು ಎಲ್ಲಿಂದ? ಇಂದಿಗೂ ಅದನ್ನು ಹೆಚ್ಚಾಗಿ ಮನುಷ್ಯರ ರಕ್ತದ ಪ್ಲಾಸ್ಮಾದಿಂದ ತೆಗೆಯುತ್ತಾರೆ. ಅದೂ ಯಾರ ರಕ್ತದಲ್ಲಾದರೂ ಸಿಗುವುದಲ್ಲ. ಆರ್‌ಎಚ್ ಪಾಸಿಟಿವ್ ರಕ್ತದ ವಿರುದ್ಧ ಪ್ರತಿಕಾಯ ಬೆಳೆಸಿಕೊಂಡ ನೆಗೆಟಿವ್ ಜನರ ರಕ್ತವೇ ಬೇಕು. ಆರಂಭದ ವರ್ಷಗಳಲ್ಲಿ ಅಂಥ ರಕ್ತ ಇದ್ದದ್ದು ಯಾರಲ್ಲಿ? ಗರ್ಭಧಾರಣೆಯಿಂದಲೇ ಪ್ರತಿಕಾಯ ಬೆಳೆಸಿಕೊಂಡ ತಾಯಂದಿರಲ್ಲಿ. ಇದೇ ಕಾರಣದಿಂದ ಮಕ್ಕಳನ್ನು ಕಳೆದುಕೊಂಡವರೂ ಅವರಲ್ಲಿದ್ದರು. ಇದನ್ನು ಸ್ವಲ್ಪ ನಿಂತು ಯೋಚಿಸಿರಿ. ತನ್ನ ಮಗುವನ್ನು ಕೊಂದ ರಕ್ತವಿದು ಎಂದು ತಿಳಿದಿದ್ದ ತಾಯಿ, ಅದನ್ನೇ ಮುಖ ಕಾಣದ ಇನ್ನೊಬ್ಬಳ ಮಗುವಿಗಾಗಿ ಕೊಟ್ಟಳು.

ಮುಂದೆ ಆರೋಗ್ಯವಂತರಾದ ನೆಗೆಟಿವ್ ಪುರುಷರೂ ಮುಂದೆ ಬಂದರು. ಪ್ರತಿಕಾಯ ಬೆಳೆಯಲೆಂದು ಅವರು ಪಾಸಿಟಿವ್ ರಕ್ತಕಣಗಳನ್ನು ಬೇಕೆಂದೇ ಚುಚ್ಚಿಸಿಕೊಳ್ಳುತ್ತಾರೆ. ಇಂಥವರಲ್ಲಿ ಜಗತ್ತಿಗೆಲ್ಲ ಪರಿಚಿತರಾದವರು ಆಸ್ಟ್ರೇಲಿಯಾದ ಜೇಮ್ಸ್ ಹ್ಯಾರಿಸನ್. 14ನೆಯ ವಯಸ್ಸಿನಲ್ಲಿ ಶ್ವಾಸಕೋಶದ ದೊಡ್ಡ ಶಸ್ತ್ರಚಿಕಿತ್ಸೆಯಾದಾಗ ಅಪರಿಚಿತರ ರಕ್ತದಿಂದ ಬದುಕಿ ಉಳಿದ ಇವರು, ತಾನೂ ರಕ್ತ ಕೊಡುವೆನೆಂದು ನಿರ್ಧರಿಸಿ 1954ರಲ್ಲಿ ಆರಂಭಿಸಿದರು. ಅವರ ರಕ್ತದಲ್ಲಿ ಈ ಪ್ರತಿಕಾಯ ಹೇರಳವಾಗಿರುವುದು ಆಮೇಲೆ ತಿಳಿಯಿತು. 2018ರಲ್ಲಿ, 81ನೆಯ ವಯಸ್ಸಿನಲ್ಲಿ, ವಯೋಮಿತಿಯ ಕಾರಣ ನಿಲ್ಲಿಸುವ ಹೊತ್ತಿಗೆ ಅವರು 1,173 ಬಾರಿ ಕೊಟ್ಟಿದ್ದರು. ಅವರ ಪ್ಲಾಸ್ಮಾದ ನೆರವು ಸುಮಾರು 24 ಲಕ್ಷ ಶಿಶುಗಳಿಗೆ ತಲುಪಿತೆಂದು ಅಲ್ಲಿನ ಅಂದಾಜು. ಸ್ವಂತ ಮಗಳಿಗೂ ಆ ಚುಚ್ಚುಮದ್ದು ಬೇಕಾಯಿತು. ಸೂಜಿಯೆಂದರೆ ಅವರಿಗೆ ಭಯ; ಚುಚ್ಚುವಾಗ ಬೇರೆ ಕಡೆಗೆ ಮುಖ ತಿರುಗಿಸುತ್ತಿದ್ದರಂತೆ. 2025ರ ಫೆಬ್ರವರಿಯಲ್ಲಿ 88ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು.

ತನ್ನ ಆರೋಗ್ಯವಂತ ದೇಹಕ್ಕೆ ಇನ್ನೊಬ್ಬರಿಗಾಗಿ ಅಪಾಯ ತಂದುಕೊಳ್ಳುವುದು ಸರಿಯೇ ಎಂದು ನೀವು ಕೇಳಬಹುದು. ಪ್ರಾಣಕ್ಕೆ, ದೇಹದ ಸಮಗ್ರತೆಗೆ ಧಕ್ಕೆಯಿಲ್ಲದೆ, ತಿಳಿದು, ಸ್ವಂತ ಇಚ್ಛೆಯಿಂದ ಕೊಡುವ ದಾನವನ್ನು ಧರ್ಮಸಭೆ ಪ್ರೀತಿಯ ಕಾರ್ಯವೆಂದೇ ಕಾಣುತ್ತದೆ. 1995ರ 'ಜೀವದ ಶುಭಸಂದೇಶ' ಎಂಬ ವಿಶ್ವಪತ್ರದಲ್ಲಿ ಜಗದ್ಗುರು ಎರಡನೆಯ ಜಾನ್ ಪೌಲರು, ಅಂಗದಾನದಂಥ ಸದ್ದಿಲ್ಲದ ತ್ಯಾಗಗಳನ್ನು ದಿನನಿತ್ಯದ ವೀರತನದ ಸಾಲಿನಲ್ಲಿ ಇಟ್ಟರು. 'ಸ್ವಂತ ಇಚ್ಛೆ' ಎಂಬ ಮಾತು ಇಲ್ಲಿ ಮುಖ್ಯ. ನ್ಯೂಯಾರ್ಕಿನ ವೈದ್ಯರು ಮೊದಲ ಪ್ರಯೋಗಗಳನ್ನು ನಡೆಸಿದ್ದು ಸಿಂಗ್ ಸಿಂಗ್ ಕಾರಾಗೃಹದ ಕೈದಿಗಳ ಮೇಲೆ. ಕೈದಿಗಳು ಒಪ್ಪಿದ್ದರು, ನಿಜ. ಆದರೆ ಸರಳುಗಳ ಹಿಂದಿರುವವನ ಒಪ್ಪಿಗೆ ಎಷ್ಟು ಸ್ವತಂತ್ರ? ನಮ್ಮ ಮಕ್ಕಳನ್ನು ಕಾಪಾಡುವ ಔಷಧದಲ್ಲಿ ಆ ಅನಾಮಿಕರ ಪಾಲೂ ಇದೆ ಎಂಬುದನ್ನು ನಾವು ಮರೆಯಬಾರದು.

ತಪ್ಪು ಇದ್ದಲ್ಲಿ ಒಪ್ಪಿಕೊಳ್ಳಬೇಕು

ಎಲ್ಲಿಯೂ ಯಾರದೂ ತಪ್ಪಿಲ್ಲ ಎಂದು ಹೇಳಿ ಮುಗಿಸಿದರೆ ಅದೂ ಸತ್ಯವಲ್ಲ. 1977ರಲ್ಲಿ ಐರ್ಲೆಂಡಿನ ರಕ್ತಪೂರಣ ಮಂಡಳಿ, ಚಿಕಿತ್ಸೆಯ ನಡುವೆ ಕಾಮಾಲೆ ಕಾಣಿಸಿಕೊಂಡಿದ್ದ ರೋಗಿಯೊಬ್ಬಳ ಪ್ಲಾಸ್ಮಾವನ್ನು ಆ್ಯಂಟಿ-ಡಿ ತಯಾರಿಸಲು ಬಳಸಿತು. ಅದರಿಂದ ಸಾವಿರಕ್ಕೂ ಹೆಚ್ಚು ತಾಯಂದಿರಿಗೆ ಹೆಪಟೈಟಿಸ್ ಸಿ ಸೋಂಕು ತಗುಲಿತು. ವಿಷಯ ಜನರಿಗೆ ತಿಳಿದದ್ದು 1994ರಲ್ಲಿ. ಆ ಪ್ಲಾಸ್ಮಾವನ್ನು ಬಳಸಲೇಬಾರದಿತ್ತು ಎಂದು 1997ರ ನ್ಯಾಯಮೂರ್ತಿ ಫಿನ್ಲೇ ತನಿಖಾ ವರದಿ ಹೇಳಿತು. ಇಲ್ಲಿ ಅರಿವಿತ್ತು, ಎಚ್ಚರಿಕೆಯ ಗುರುತೂ ಕಣ್ಣಮುಂದೆ ಇತ್ತು. ಆದ್ದರಿಂದ ಇದು ತಪ್ಪು. ಇಂದು ಪ್ಲಾಸ್ಮಾವನ್ನು ಪರೀಕ್ಷಿಸಿ, ವೈರಾಣುಗಳನ್ನು ನಾಶಮಾಡುವ ಕ್ರಮಗಳನ್ನು ಅನುಸರಿಸಿದ ಮೇಲೆಯೇ ಔಷಧ ತಯಾರಾಗುತ್ತದೆ.

ಮುಗ್ಧ ತಾಯಿಯ ಮೇಲೆ ಇಲ್ಲದ ತಪ್ಪನ್ನು ಹೊರಿಸುವುದು ಅನ್ಯಾಯ. ಬಲವುಳ್ಳವರು ತಮ್ಮ ನಿಜವಾದ ತಪ್ಪನ್ನು ಮುಚ್ಚಿಡುವುದು ಇನ್ನೊಂದು ಅನ್ಯಾಯ. ನಮ್ಮ ಸಮಾಜದಲ್ಲಿ ಇವೆರಡೂ ಒಟ್ಟೊಟ್ಟಿಗೆ ನಡೆಯುತ್ತವೆ.

ನಮ್ಮ ಮನೆಗಳಲ್ಲಿ

ಈಗ ನಮ್ಮ ಮನೆಗಳಿಗೆ ಬರೋಣ. ಹುಡುಗಿಯ ರಕ್ತ ನೆಗೆಟಿವ್ ಎಂದು ತಿಳಿದು ಮದುವೆಯ ಮಾತನ್ನು ಮುರಿಯುವುದು ಸರಿಯೇ? ಖಂಡಿತ ಅಲ್ಲ. ಮುಂಚಿತವಾಗಿ ತಿಳಿದಿರುವುದು ಮದುವೆಗೆ ಅಡ್ಡಿಯಲ್ಲ, ಅದು ಮದುವೆಗೆ ಬೇಕಾದ ಸಿದ್ಧತೆ. ವಿವಾಹಪೂರ್ವ ತರಬೇತಿಗೆ ಬರುವ ಯುವಕ ಯುವತಿಯರು ತಮ್ಮ ರಕ್ತದ ಗುಂಪನ್ನು ಪರಸ್ಪರ ಹೇಳಿಕೊಳ್ಳಲಿ. ಹೇಳಿಕೊಂಡ ಮೇಲೆ ಇವಿಷ್ಟನ್ನು ನೆನಪಿಡಲಿ. ಹೆಂಡತಿ ಪಾಸಿಟಿವ್ ಆಗಿದ್ದು ಗಂಡ ನೆಗೆಟಿವ್ ಆಗಿದ್ದರೆ ಈ ತೊಂದರೆ ಇಲ್ಲ. ಇಬ್ಬರೂ ನೆಗೆಟಿವ್ ಆದರೂ ಇಲ್ಲ. ಹೆಂಡತಿ ನೆಗೆಟಿವ್, ಗಂಡ ಪಾಸಿಟಿವ್ ಆದಾಗ ಮಾತ್ರ ಎಚ್ಚರ ಬೇಕು. ಆಗಲೂ ಕೆಲವು ತಂದೆಯರು ನೆಗೆಟಿವ್ ಗುಣವನ್ನು ಒಳಗೆ ಹೊತ್ತಿರುತ್ತಾರೆ. ಅಂಥವರಿಗೆ ನೆಗೆಟಿವ್ ಮಗು ಹುಟ್ಟುವ ಸಂಭವ ಅರ್ಧದಷ್ಟು.

ಗಂಡಂದಿರೇ, ನಿಮಗೊಂದು ಮಾತು. ಬಸಿರಾದ ಹೆಂಡತಿಯ ರಕ್ತದ ಗುಂಪನ್ನು ತಾಯಿ ಕಾರ್ಡಿನಲ್ಲಿ ಬರೆಯುತ್ತಾರೆ. ನಿಮ್ಮದು ಯಾವುದೆಂದು ನಿಮಗೆ ಗೊತ್ತೇ? ಈ ರೋಗ ಬರುವುದು ತಂದೆಯಿಂದ ಬಂದ ಗುಣ ತಾಯಿಯ ದೇಹದಲ್ಲಿ ಸಂಧಿಸಿದಾಗ. ಹಾಗಿರುವಾಗ ಪರೀಕ್ಷೆ, ಓಡಾಟ, ಖರ್ಚು, ಆತಂಕ ಎಲ್ಲವೂ ಹೆಂಡತಿಯ ಪಾಲಿಗೆ ಮಾತ್ರ ಏಕೆ? ಒಂದೇ ಶರೀರವಾಗಿರುತ್ತೇವೆ ಎಂದು ಪೀಠದ ಮುಂದೆ ಮಾತು ಕೊಟ್ಟವರು ಒಂದು ಹನಿ ರಕ್ತವನ್ನು ಪರೀಕ್ಷೆಗೆ ಕೊಡಲು ಹಿಂಜರಿಯಬೇಕೇ?

ನೆಗೆಟಿವ್ ತಾಯಿಯ ದೇಹದಲ್ಲಿ ಪ್ರತಿಕಾಯ ಈಗಾಗಲೇ ಬೆಳೆದಿದೆಯೇ ಎಂದು ಐಸಿಟಿ ಎಂಬ ರಕ್ತಪರೀಕ್ಷೆಯಿಂದ ತಿಳಿಯುತ್ತದೆ. ಬೆಳೆದಿಲ್ಲವಾದರೆ ಸಾಮಾನ್ಯವಾಗಿ 28ನೆಯ ವಾರದಲ್ಲಿ ಒಂದು ಆ್ಯಂಟಿ-ಡಿ ಚುಚ್ಚುಮದ್ದು, ಹುಟ್ಟಿದ ಮಗು ಪಾಸಿಟಿವ್ ಆಗಿದ್ದರೆ 72 ಗಂಟೆಗಳೊಳಗೆ ಇನ್ನೊಂದು ಕೊಡುತ್ತಾರೆ. ಅದು ತಪ್ಪಿಹೋದರೂ ಹತ್ತು ದಿನಗಳ ತನಕ ಸ್ವಲ್ಪ ಪ್ರಯೋಜನವಿದೆ, ಆದ್ದರಿಂದ ತಡವಾಯಿತೆಂದು ಕೈಬಿಡದಿರಿ. ಮೊದಲ ಹೆರಿಗೆ ಚೆನ್ನಾಗಿ ಆಯಿತು, ಇನ್ನೇಕೆ ಚುಚ್ಚುಮದ್ದು ಎನ್ನುವವರುಂಟು. ಅದು ಬೇಕಾಗಿರುವುದು ಇನ್ನೂ ಗರ್ಭದಲ್ಲಿ ಮೂಡದ, ನೀವು ಹೆಸರನ್ನೂ ಇಡದ ಮುಂದಿನ ಮಗುವಿಗಾಗಿ. ಇನ್ನೂ ಇಲ್ಲದವನ ಮೇಲೂ ನಮಗೆ ಹೊಣೆಯಿದೆ.

ಗರ್ಭಪಾತವಾದಾಗಲೂ, ನಾಳದಲ್ಲಿ ಗರ್ಭ ನಿಂತಾಗಲೂ, ಬಸುರಿ ಬಿದ್ದು ಹೊಟ್ಟೆಗೆ ಪೆಟ್ಟಾದಾಗಲೂ ಈ ಚುಚ್ಚುಮದ್ದು ಬೇಕಾಗಬಹುದು. ಎಷ್ಟು ವಾರಗಳಾಗಿವೆ ಎಂಬುದನ್ನು ನೋಡಿ ವೈದ್ಯರು ನಿರ್ಧರಿಸುತ್ತಾರೆ. ಆದರೆ ನಮ್ಮಲ್ಲಿ ಗರ್ಭ ಇಳಿದುಹೋದರೆ ಯಾರಿಗೂ ಹೇಳದೆ ಮುಚ್ಚಿಡುವ ರೂಢಿಯಿದೆ. ಮೂರು ದಿನ ಮಲಗಿ ಎದ್ದು ಗದ್ದೆಗೋ ಕಾರ್ಖಾನೆಗೋ ಹೋಗುವ ಹೆಂಗಸರಿದ್ದಾರೆ. ಮದುವೆಯಾಗದ ಹುಡುಗಿಯಾದರಂತೂ ಆಸ್ಪತ್ರೆಯ ಬಾಗಿಲನ್ನೇ ಕಾಣುವುದಿಲ್ಲ. ಅವಳು ಹಾಗೆ ಅಡಗುವುದು ನಮ್ಮ ಬಾಯಿಗೆ ಹೆದರಿ. ಅಂಥವಳ ಮುಂದಿನ ಮಗು ಸತ್ತರೆ, ನಮ್ಮ ಚುಚ್ಚುಮಾತಿಗೂ ಅದರಲ್ಲಿ ಪಾಲಿಲ್ಲವೇ?

ಈ ಚುಚ್ಚುಮದ್ದು ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಲ್ಲಿದೆ. ಸರಕಾರಿ ಆಸ್ಪತ್ರೆಯಲ್ಲಿ ಕೇಳಿರಿ. ಹೊರಗೆ ಕೊಳ್ಳುವುದಾದರೆ ಕೆಲವು ಸಾವಿರ ರೂಪಾಯಿಗಳಾಗುತ್ತವೆ. ಕೂಲಿಯವನಿಗೆ ಅದು ಸಣ್ಣ ಮೊತ್ತವಲ್ಲ. ಧರ್ಮಕೇಂದ್ರದ ಸಂತ ವಿನ್ಸೆಂಟ್ ದೆ ಪೌಲ್ ಸಭೆಯವರು ಅಕ್ಕಿ, ಔಷಧ, ಶಾಲಾ ಶುಲ್ಕಗಳಿಗೆ ನೆರವಾಗುವಾಗ ಇದನ್ನೂ ನೆನಪಿಟ್ಟರೆ ಒಳ್ಳೆಯದು.

ಪ್ರತಿಕಾಯ ಈಗಾಗಲೇ ಬೆಳೆದಿದ್ದರೆ?

ಹಾಗಾದರೆ ಚುಚ್ಚುಮದ್ದಿನಿಂದ ಉಪಯೋಗವಿಲ್ಲ. ಆದರೂ ಬಾಗಿಲು ಮುಚ್ಚಿಲ್ಲ. 1963ರಲ್ಲಿ ನ್ಯೂಜಿಲೆಂಡಿನ ಆಕ್ಲೆಂಡ್ ನಗರದಲ್ಲಿ ವಿಲಿಯಂ ಲೈಲಿ ಎಂಬ ವೈದ್ಯರು, ರಕ್ತಹೀನತೆಯಿಂದ ಸಾಯಲಿದ್ದ ಶಿಶುವಿಗೆ ಅದು ಗರ್ಭದಲ್ಲಿರುವಾಗಲೇ, ತಾಯಿಯ ಹೊಟ್ಟೆಯ ಮೂಲಕ ಸೂಜಿ ಹಾಯಿಸಿ ರಕ್ತ ಕೊಡುವುದರಲ್ಲಿ ಯಶಸ್ವಿಯಾದರು. ಅಲ್ಲಿಯವರೆಗೆ ಹುಟ್ಟಿದ ಮೇಲೆ ಮಾತ್ರ ಮಗು ವೈದ್ಯನ ರೋಗಿ. ಅಂದಿನಿಂದ ಗರ್ಭದಲ್ಲಿರುವ ಕೂಸೂ ರೋಗಿಯಾಯಿತು, ಅದಕ್ಕೂ ಚಿಕಿತ್ಸೆ ದೊರಕಿತು. ಲೈಲಿಯವರು ಮುಂದೆ ಹುಟ್ಟದ ಶಿಶುವಿನ ಪ್ರಾಣದ ಪರವಾಗಿ ದನಿಯೆತ್ತಿದರು. ವ್ಯಾಟಿಕನ್ನಿನ ವಿಜ್ಞಾನ ಅಕಾಡೆಮಿಯ ಸದಸ್ಯರೂ ಆದರು. ಇಂದು ಸ್ಕ್ಯಾನಿಂಗ್ ನೋಡಿಕೊಂಡು ಹೊಕ್ಕುಳಬಳ್ಳಿಯ ರಕ್ತನಾಳಕ್ಕೇ ರಕ್ತ ಕೊಡುತ್ತಾರೆ. ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲೂ ಈ ಚಿಕಿತ್ಸೆ ಇದೆ. ಆದುದರಿಂದ ನೆಗೆಟಿವ್ ತಾಯಿ ಎರಡನೆಯ ಮಗುವನ್ನು ತೆಗೆಸಿಬಿಡಬೇಕು ಎಂದು ಯಾರಾದರೂ ಹೇಳಿದರೆ ಕಿವಿಗೊಡಬೇಡಿ. ತಿಳಿದ ವೈದ್ಯರ ಬಳಿಗೆ ಹೋಗಿರಿ.

ಕೊನೆಯದಾಗಿ, ಹಿರಿಯ ತಾಯಂದಿರೇ. ಐವತ್ತು ಅರವತ್ತು ವರ್ಷಗಳ ಹಿಂದೆ, ಈ ಚುಚ್ಚುಮದ್ದು ನಮ್ಮ ಊರುಗಳಿಗೆ ಬರುವ ಮುಂಚೆ, ಒಂದರ ಹಿಂದೆ ಒಂದಾಗಿ ಮಕ್ಕಳನ್ನು ಮಣ್ಣಿಗೆ ಕೊಟ್ಟವರು ನಿಮ್ಮಲ್ಲಿಯೂ ಇರಬಹುದು. ಏನು ಪಾಪ ಮಾಡಿದೆನೋ ಎಂದು ಜಪಮಾಲೆ ಹಿಡಿದು ಇಂದಿಗೂ ಕೇಳಿಕೊಳ್ಳುತ್ತಿರಬಹುದು. ನಿಮ್ಮ ಮಕ್ಕಳ ಸಾವಿಗೆ ಇದೇ ಕಾರಣವೆಂದು ಈಗ ಹೇಳಲಾಗದು. ಆದರೆ ಮಗುವಿನ ಸಾವು ತಾಯಿಯ ಪಾಪದ ಸಂಬಳವಲ್ಲ ಎಂದು ಖಂಡಿತವಾಗಿ ಹೇಳಬಹುದು. ನಿಮಗೆ ಯಾರೂ ಈ ಮಾತನ್ನು ಹೇಳದೆ ಹೋದರು. ಈಗಲಾದರೂ ಆ ಭಾರವನ್ನು ಕೆಳಗಿಳಿಸಿರಿ.

ನಿಮ್ಮ ಸೊಸೆಯೋ ಮೊಮ್ಮಗಳೋ ಬಸುರಿಯಾಗಿದ್ದರೆ ಇಂದೇ ಅವಳನ್ನು ಹತ್ತಿರ ಕೂರಿಸಿಕೊಂಡು, ನಿನ್ನ ರಕ್ತದ ಗುಂಪು ಯಾವುದಮ್ಮಾ ಎಂದು ಕೇಳಿರಿ. ಅವಳ ಗಂಡನನ್ನೂ ಕೇಳಿರಿ.